ಸವೆಯದ ಒಂಟೆ

ಲಿಫ್ಟ್ ಮೆಕ್ಯಾನಿಕ್‌ನದು ಒಂದೇ ನಿಯಮ: ಬಿಚ್ಚಿದ ಭಾಗ ಬಿಚ್ಚಿದ ಜಾಗಕ್ಕೇ ಹೋಗಬೇಕು. ಎರಡು ಬೋಲ್ಟು ಅವಳಿಜವಳಿಯಂತಿದ್ದರೂ ಗುರುತು ಹಾಕದೆ ಕೆಳಗಿಡುತ್ತಿರಲಿಲ್ಲ. ಮನೆಯ ಚೆಸ್ ಕಾಯಿಗಳನ್ನೂ ಬಿಟ್ಟಿರಲಿಲ್ಲ. ಎರಡು ಕಪ್ಪು ಒಂಟೆಗಳ ಬುಡದಲ್ಲಿ ಒಂದು, ಎರಡು ಎಂದು ಕೊರೆದಿದ್ದ. ಒಂದನೆಯದು ರಾಣಿಯ ಪಕ್ಕ, ಎರಡನೆಯದು ರಾಜನ ಪಕ್ಕ. ಹದಿನಾಲ್ಕು ವರ್ಷಗಳಲ್ಲಿ ಒಮ್ಮೆಯೂ ಅದಲುಬದಲಾಗಿರಲಿಲ್ಲ.

ಕಪ್ಪು ಕಾಯಿ ಹಿಡಿದಾಗ ಆತ ಆಡುತ್ತಿದ್ದ ರಕ್ಷಣೆಯೂ ಒಂದೇ. ಬಿಳಿಯವರು ರಾಣಿಯ ಮುಂದಿನ ಕಾಲಾಳನ್ನು ಎರಡು ಮನೆ ನೂಕಿದರೆ ಈತನೂ ಎರಡು ಮನೆ. ಅವರು ಅದರ ಪಕ್ಕದ ಕಾಲಾಳನ್ನು ‘ತಗೋ’ ಎಂದು ಒಡ್ಡಿದರೆ ಈತ ಮುಟ್ಟುವವನಲ್ಲ. ರಾಜನ ಮುಂದಿನ ಕಾಲಾಳನ್ನು ಒಂದು ಮನೆ ಸರಿಸಿ ಬಾಗಿಲು ಹಾಕಿಕೊಳ್ಳುತ್ತಿದ್ದ. ಗೋಡೆ ಭದ್ರ. ಆದರೆ ಓರೆಯಾಗಿ ಮಾತ್ರ ನಡೆಯುವ ಒಂಟೆಗಳಲ್ಲಿ ರಾಣಿಯ ಪಕ್ಕದ್ದಕ್ಕೆ ಆ ಕಾಲಾಳೇ ಅಡ್ಡವಾಗಿ, ಅದು ಒಳಗೇ ಸಿಕ್ಕಿಬೀಳುತ್ತದೆ. ಜಾಣರು ಅದನ್ನು ಹೊರತರುವ ದಾರಿ ಹುಡುಕುತ್ತಾರೆ. ಈತ ಅದು ಇದೆಯೆಂಬುದನ್ನೇ ಮರೆತಿದ್ದ.

“ಆ ಒಂಟೆ ಏನು ತಪ್ಪು ಮಾಡಿದೆ ರೀ? ಆಟ ಮುಗಿದ್ರೂ ನಿಂತೇ ಇರುತ್ತೆ,” ಎನ್ನುತ್ತಿದ್ದಳು ಆಟದ ಗಂಧಗಾಳಿಯಿಲ್ಲದ ಹೆಂಡತಿ.

“ಕಾವಲಿಗಿದೆ.”

“ನಮ್ಮ ಮನೆ ಬೀಗದ ಹಾಗೇನಾ? ಕೀಲಿ ಕಳೆದು ಎಷ್ಟು ದಿನ ಆಯ್ತು?”

ಆ ವರ್ಷ ಚೆಸ್ ಕ್ಲಬ್ಬಿನ ತಂಡದಲ್ಲಿ ನಾಲ್ಕನೆಯ ಆಟಗಾರನ ಕುರ್ಚಿಗೆ ಸ್ಪರ್ಧಿ ಬಂದರು. ಹದಿನಾಲ್ಕು ವರ್ಷ ಮೆಕ್ಯಾನಿಕ್‌ನದೇ ಆಗಿದ್ದ ಕುರ್ಚಿ ಅದು. ಬಂದವರು ಗಡಿಯಾರ ರಿಪೇರಿಯವರು, ಹೊಸ ಸದಸ್ಯರು, ಮೆಲುಮಾತಿನವರು. ಒಂದೇ ಆಟ, ಗೆದ್ದವರಿಗೆ ಕುರ್ಚಿ ಎಂದರು ಕಾರ್ಯದರ್ಶಿ. ಚೀಟಿ ಎತ್ತಿದಾಗ ಮೆಕ್ಯಾನಿಕ್‌ಗೆ ಕಪ್ಪು ಬಂತು. ಕಪ್ಪು ಬಂದವರು ಕಾಯಿ ತರುವುದು ಅಲ್ಲಿಯ ಪದ್ಧತಿ.

ಶನಿವಾರ ಮಧ್ಯಾಹ್ನ ಗಡಿಯಾರದವರು ಆಟಕ್ಕೆ ಮೊದಲು ಕಪ್ಪು ಕಾಯಿಗಳನ್ನು ಒಂದೊಂದಾಗಿ ದಿಟ್ಟಿಸಿದರು. ಆಮೇಲೆ ರಾಣಿಯ ಕಾಲಾಳನ್ನು ಎರಡು ಮನೆ ನೂಕಿದರು. ಮೆಕ್ಯಾನಿಕ್‌ಗೆ ಜೀವ ಬಂದಂತಾಯಿತು.

ಹದಿನೆಂಟನೆಯ ನಡೆಯ ಹೊತ್ತಿಗೆ ಬಂದ ಜೀವ ಹೋಗುವಂತಿತ್ತು. ಬೇರೇನೂ ತೋಚದೆ ರಾಜನ ಕಾಲಾಳನ್ನು ಇನ್ನೊಂದು ಮನೆ ಮುಂದಿಟ್ಟ. ಬಾಗಿಲು ತೆರೆದದ್ದು ಆತನಿಗೇ ತಿಳಿಯಲಿಲ್ಲ. ಬಿಳಿ ಕುದುರೆ ನೆಗೆದು ಅವನ ರಾಜನ ಹತ್ತಿರ ಬಂತು. ಆತ ಆನೆ ನೋಡಿದ, ಕುದುರೆ ನೋಡಿದ, ಎರಡನೆಯ ನಂಬರಿನ ಒಂಟೆ ನೋಡಿದ. ಯಾವುದೂ ಕೆಲಸಕ್ಕೆ ಬರಲಿಲ್ಲ. ಸೋತೆ ಎನ್ನಲು ಕೈ ಚಾಚುವಷ್ಟರಲ್ಲಿ ಹೆಂಡತಿಯ ಮಾತು ನೆನಪಾಯಿತು: ಆ ಒಂಟೆ ಏನು ತಪ್ಪು ಮಾಡಿದೆ?

ಒಂದನೆಯ ನಂಬರಿನ ಒಂಟೆಯಿಂದ ಕುದುರೆಯವರೆಗೆ ಓರೆದಾರಿ ಖಾಲಿಯಿತ್ತು. ಕುದುರೆಗೆ ಬೆಂಬಲ ಯಾರೂ ಇರಲಿಲ್ಲ. ಹೊಡೆದ. ಮುಂದಿನ ಹನ್ನೆರಡು ನಡೆಗಳಲ್ಲಿ ಆಟ ಮೆಕ್ಯಾನಿಕ್‌ನದಾಯಿತು.

“ಆ ಒಂಟೆ ನಡೆಯುತ್ತೆ ಅಂತ ಅಂದ್ಕೊಂಡಿರಲಿಲ್ಲ ಸ್ವಾಮಿ,” ಎಂದರು ಗಡಿಯಾರದವರು. “ಮಿಕ್ಕ ಕಾಯಿಗಳೆಲ್ಲ ಹಿಡಿದು ಹಿಡಿದು ಬಣ್ಣ ಹೋಗಿವೆ. ಇದೊಂದು ಅಂಗಡಿಯಿಂದ ಈಗ ತಂದ ಹಾಗಿದೆ. ಮೂವತ್ತು ವರ್ಷ ಹಲ್ಲುಚಕ್ರ ನೋಡಿದೀನಿ. ಸವೆಯದೇ ಇರೋದು ತಿರುಗಲ್ಲ. ಆ ಧೈರ್ಯದ ಮೇಲೇ ಕುದುರೇನ ಅಲ್ಲಿಟ್ಟೆ.”

“ಅದಕ್ಕೇ ಹೊಸದಾಗಿ ಇಟ್ಟಿರೋದು,” ಎಂದ ಮೆಕ್ಯಾನಿಕ್. ಅಷ್ಟು ದೊಡ್ಡ ಸುಳ್ಳನ್ನು ಆತ ಅಷ್ಟು ಸಣ್ಣ ದನಿಯಲ್ಲಿ ಹಿಂದೆಂದೂ ಹೇಳಿರಲಿಲ್ಲ.

ಮನೆಗೆ ಬಂದು ಕನ್ನಡಕ ಒರೆಸುವ ಬಟ್ಟೆಯಿಂದ ಒಂಟೆಯ ಮೇಲಿನ ಬೆರಳ ಗುರುತು ಒರೆಸತೊಡಗಿದ.

“ಕೊನೆಗೂ ಹೊರಗೆ ಬಂತಾ?” ಎಂದಳು ಹೆಂಡತಿ.

“ಬಂತು. ಕುರ್ಚಿನೂ ಉಳಿಸ್ತು.”

“ಮತ್ಯಾಕೆ ಉಜ್ಜುತಾ ಇದ್ದೀರಿ?”

“ಮುಂದಿನ ವಾರ ಬೇರೆ ಕ್ಲಬ್ಬಿನವರು ಬರ್ತಾರೆ. ಇದು ಹೊರಗೆ ಬಂದೇ ಇಲ್ಲ ಅಂತ ಕಾಣಬೇಕು.”

ಬುಡದ ನಂಬರು ನೋಡಿ, ರಾಣಿಯ ಪಕ್ಕ ಅದರ ಜಾಗದಲ್ಲೇ ಇಟ್ಟ.