ಕನ್ಯಾ ನೋಡುವ ದಿನ ಬಂದ ಗ್ರೀಕರು

ಮೊರಬದವರು ನನ್ನನ್ನು ನೋಡಲು ಬರುವ ದಿನವೇ ಉಪ್ಪಿಟ್ಟು ತಳ ಹಿಡಿಯಿತು. ತಪ್ಪು ಒಲೆಯದಲ್ಲ, ಗ್ರೀಕರದು. ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪುಸ್ತಕ ಹಿಡಿದು, ಜಗತ್ತಿನ ಮೂಲ ನೀರೆಂದ ಥೇಲೀಸನಲ್ಲಿ ಮುಳುಗಿದ್ದವಳಿಗೆ ಬಾಣಲೆಯ ನೀರು ಇಂಗಿದ್ದು ತಿಳಿಯಲೇ ಇಲ್ಲ.

ಕುಂದಗೋಳದ ಕಾಲೇಜೊಂದರಲ್ಲಿ ತತ್ತ್ವಶಾಸ್ತ್ರ ಕಲಿಸುವವಳು ನಾನು. ‘ಹುಡುಗಿ ಭಾಳ ಓದ್ಯಾಳ’ ಎಂದು ಹಿಂದಿನ ಸಂಬಂಧಗಳು ತಪ್ಪಿಹೋಗಿದ್ದವು. ಹಾಗಾಗಿ ಈ ಸಲ ಪುಸ್ತಕದ ಸುದ್ದಿಯನ್ನೇ ತೆಗೆಯುವುದಿಲ್ಲವೆಂದು ಅವ್ವ ನನ್ನಿಂದ ಭಾಷೆ ಪಡೆದಿದ್ದಳು.

ಬಂದವರು ಇಬ್ಬರೇ: ಹೊಲ ನೋಡಿಕೊಂಡಿದ್ದ ಬಸವರಾಜ ಮತ್ತು ಅವನ ತಾಯಿ ಗಂಗವ್ವ. ಕೂತ ಕೂಡಲೇ ಗಂಗವ್ವ ಕೇಳಿದರು, “ಕಾಲೇಜಿನ್ಯಾಗ ಏನ ಕಲಸ್ತೀಯವಾ?”

ಅವ್ವ ಕಣ್ಣಿನಲ್ಲೇ ಬೇಡವೆಂದಳು. ಆದರೆ ಗೆಳೆಯರೇ, ನಾವು ಪ್ರೀತಿಸುವ ವಿಷಯವನ್ನು ಯಾರಾದರೂ ಮನಸಾರೆ ಕೇಳಿದಾಗ ಬಾಯಿ ಮುಚ್ಚಿಕೊಂಡಿರುವುದು ಯಾವ ಕಠಿಣ ವ್ರತಕ್ಕಿಂತಲೂ ಕಡಿಮೆಯಲ್ಲ. ಹೇಳಿಬಿಟ್ಟೆ. ಹೆರಾಕ್ಲಿಟಸ್‌ನ ಪ್ರಕಾರ ಲೋಕದಲ್ಲಿ ನಿಂತದ್ದೆಂಬುದಿಲ್ಲ, ಸಕಲವೂ ಉರಿಯುವ ಬೆಂಕಿಯಂತೆ ಕ್ಷಣಕ್ಷಣವೂ ಬದಲಾಗುತ್ತಿರುತ್ತದೆ. ಪಾರ್ಮೆನಿಡೀಸನ ಪ್ರಕಾರ ಇರುವುದು ಇದ್ದಂತೆಯೇ ಇದೆ, ಬದಲಾವಣೆಯೆಂಬುದು ಬರೀ ಕಣ್ಣಿನ ಮೋಸ.

ಗಂಗವ್ವ ಸೆರಗು ಸರಿಮಾಡಿಕೊಂಡು ಮುಂದೆ ಬಾಗಿದರು. “ಎರಡನೇದಾಂವ ಹೇಳಿದ್ದ ಖರೆ ನೋಡವಾ. ನನ್ನ ಮಗಾ ಸಣ್ಣಾಂವಿದ್ದಾಗ ಎಷ್ಟ ಹಟಮಾರಿ ಇದ್ದನೋ, ಈಗೂ ಅಷ್ಟ ಅದಾನ.”

“ಯವ್ವಾ, ನಾ ಅಗದಿ ಬದಲಾಗೇನಿ,” ಎಂದ ಬಸವರಾಜನ ಕಿವಿ ಕೆಂಪಾಗಿತ್ತು. “ನಾ ಮೊದಲನೇದಾಂವನ ಕಡೆ.”

“ನೋಡ, ಮತ್ತ ಹಟಾ!”

ನಗು ತಡೆಯಲಾಗದೆ ಅವ್ವನೂ ನಕ್ಕಳು. ಬಸವರಾಜ ನನ್ನತ್ತ ತಿರುಗಿದ. “ನೀವ ಯಾರ ಕಡೆರಿ?”

ನಾನು ಅರಿಸ್ಟಾಟಲನ ಕಡೆ ಎಂದೆ. ಅವನ ಗುರು ಪ್ಲೇಟೋ, ಬದಲಾಗದ ರೂಪಗಳಿಗೆ ಬೇರೊಂದು ಲೋಕವನ್ನೇ ಬಿಟ್ಟುಕೊಟ್ಟು, ಬದಲಾಗುವುದನ್ನೆಲ್ಲ ನಮ್ಮ ಪಾಲಿಗೆ ಉಳಿಸಿದ. ಶಿಷ್ಯನೋ ಆ ರೂಪವನ್ನು ವಸ್ತುವಿನೊಳಕ್ಕೇ ಕರೆತಂದ. ಬೀಜ ಗಿಡವಾಗುವಾಗ ಅದು ಬೇರೇನೋ ಆಗುವುದಿಲ್ಲ, ತನ್ನೊಳಗೆ ಇದ್ದುದೇ ಆಗುತ್ತದೆ. “ಬದಲಾದ್ರೂ ತಾನು ತಾನ ಆಗಿ ಉಳಿಯೂದ್ರಿ,” ಎಂದೆ. ಹೇಳುತ್ತಿದ್ದಂತೆ ನನ್ನ ದನಿ ಸಣ್ಣಗೆ ನಡುಗಿತು. ತತ್ತ್ವವೆಂದುಕೊಂಡು ನಾನು ಇಷ್ಟು ವರ್ಷ ಓದುತ್ತಿದ್ದುದು, ಮದುವೆಯಾದ ಮೇಲೆ ನಾನು ನಾನಾಗಿ ಉಳಿಯುವೆನೇ ಎಂಬ ನನ್ನದೇ ಅಂಜಿಕೆಯನ್ನೇನೋ.

ಅದು ಅವನಿಗೂ ಕೇಳಿಸಿತೆಂದು ತೋರುತ್ತದೆ. “ಲಗ್ನಾದ ಮ್ಯಾಲೂ ಕಲಸಾಕ ಹೋಗ್ತೀರೇನ್ರಿ?”

“ಹೋಗೇ ಹೋಗ್ತೀನ್ರಿ.”

ಮುಗಿಯಿತು ಈ ಸಂಬಂಧವೂ ಎಂದುಕೊಂಡು ನಾನು ನೆಲ ನೋಡಿದೆ.

ಬಸವರಾಜ ಬೆರಳು ಮಡಿಚಿ ದಾರಿಯ ಲೆಕ್ಕ ಹಾಕಿದ. “ಮೊರಬದಿಂದ ಹೋಗೂದಂದ್ರ ಹುಬ್ಬಳ್ಳ್ಯಾಗ ಬಸ್ಸ ಬದಲಿ ಮಾಡಬೇಕಾಗತೈತ್ರಿ.”

“ಮಾಡತಾಳ ಬಿಡೋ!” ಎಂದರು ಗಂಗವ್ವ. “ಸಂಜೀಕ ಬಂದು ನನಗ ಉಳಿದ ಗ್ರೀಕರ ಸುದ್ದಿ ಹೇಳವಾ. ಇನ್ನೂ ಭಾಳ ಮಂದಿ ಅದಾರೇನು?”

“ಭಾಳ ಮಂದಿ ಅದಾರ್ರಿ.”

“ಚಲೋ ಆತು. ಬಾಯಿ ಸಿಹಿ ಮಾಡೂಣು, ಸಕ್ರಿ ತರ್ರಿ, ಬೀಗತೇರ!”

ಅವ್ವ ಬಟ್ಟಲು ಹುಡುಕುತ್ತ ನಿಲ್ಲಲಿಲ್ಲ. ಡಬ್ಬಿಯನ್ನೇ ಎತ್ತಿಕೊಂಡು ಓಡಿಬಂದಳು.