ನಡುಬೆರಳಿನ ಗಂಟು

ನನ್ನ ಬಲಗೈಯ ನಡುಬೆರಳಿನ ಮೇಲೆ, ಉಗುರಿನ ಪಕ್ಕದಲ್ಲಿ, ಹೆಸರುಕಾಳಿನಷ್ಟು ದೊಡ್ಡ ಗಂಟೊಂದಿದೆ. ಪೆನ್ನು ಒತ್ತಿ ಒತ್ತಿ ಎದ್ದದ್ದು. ಬಹುಕಾಲ ನಾನದನ್ನು ಪರಿಶ್ರಮದ ಪದಕವೆಂದೇ ಭಾವಿಸಿದ್ದೆ. ಯಾರಾದರೂ ಸರಕಾರಿ ನೌಕರರ ಆಲಸ್ಯದ ಮಾತೆತ್ತಿದರೆ ಸಾಕು, ಆ ಬೆರಳನ್ನು ಎದ್ದು ಕಾಣುವಂತೆ ಮೇಜಿನ ಮೇಲಿಡುತ್ತಿದ್ದೆ. ಯಾರೂ ನೋಡುತ್ತಿರಲಿಲ್ಲ, ಅದು ಬೇರೆ ಮಾತು.

ಎಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಧಾರವಾಡದಿಂದ ನಾಸಿಕಕ್ಕೆ ವರ್ಗವಾಗಿ ಬಂದಿದ್ದ ನನಗೆ, ಊರೂರು ಅಲೆದು ಯಾರು ದಿನಕ್ಕೆ ಎಷ್ಟು ಹೊತ್ತು ದುಡಿಯುತ್ತಾರೆಂದು ಫಾರ್ಮು ತುಂಬುವ ಕೆಲಸ. ಪರರ ಶ್ರಮವನ್ನು ಅಳೆಯುವುದೇ ಒಬ್ಬನ ಶ್ರಮವಾಗಬಲ್ಲದೆಂಬುದು ಈಗ ವಿಚಿತ್ರವೆನಿಸುತ್ತದೆ, ಆಗ ಎನಿಸಿರಲಿಲ್ಲ. ನಾನು ತಿಂಡಿಗೆ ಹೋಗುತ್ತಿದ್ದ ಹೋಟೆಲಿನ ಮಾಲೀಕರಾದ ಕುಂದಾಪುರದ ಶೆಟ್ಟರಿಗೆ ಮಾತ್ರ ಯಾವ ಸೀಮೆಯವರು ಹೆಚ್ಚು ದುಡಿಯುತ್ತಾರೆಂಬುದರಲ್ಲಿ ಸಂಶಯವೇ ಇರಲಿಲ್ಲ.

“ಇದಕ್ಕೆಲ್ಲ ಫಾರ್ಮು ಎಂತಕ್ಕೆ ಮಾರಾಯ್ರೆ? ಕರಾವಳಿಯವ ನಾಲ್ಕಕ್ಕೆ ಎದ್ದು ಹಿಟ್ಟು ರುಬ್ತಾನೆ. ನಿಮ್ಮ ಧಾರವಾಡದವ ಹತ್ತಕ್ಕೆ ಬಂದು ಅದನ್ನ ತಿಂತಾನೆ. ಬರ್ಕೊಳ್ಳಿ.”

“ತಿನ್ನೋದೂ ಕೆಲಸಾನ ಅಲ್ರೀ ಶೆಟ್ರ,” ಎಂದೆನಾದರೂ, ಆ ದಿನ ಎರಡನೆಯ ದೋಸೆ ಕೇಳುವ ಧೈರ್ಯ ಬರಲಿಲ್ಲ.

ಚಿಂತೆಗೆ ವಿಷಯ ಬೇಕೆಂದು ಕಾದಿರುವ ಸ್ವಭಾವ ನನ್ನದು. ಇದನ್ನೇ ತಲೆಗೆ ಹಚ್ಚಿಕೊಂಡೆ. ಕೇಳಿದ ಗಂಟೆಗಳ ಲೆಕ್ಕ ಸಾಲದೆಂದು ನನ್ನದೇ ಒಂದು ಒರೆಗಲ್ಲನ್ನೂ ಕಂಡುಕೊಂಡೆ: ಅಂಗೈ. ದಿಂಡೋರಿಯ ದ್ರಾಕ್ಷಿ ತೋಟಗಳಲ್ಲಿ ಬೆಳಗಿನಿಂದ ಕತ್ತರಿ ಆಡಿಸುವ ಹೆಂಗಸರ ಅಂಗೈ ತೆಂಗಿನ ಚಿಪ್ಪಿನಂತಿತ್ತು. ಗೌರವದಿಂದ ಅವರ ಹೆಸರಿನ ಮುಂದೆ ‘ಪೂರ್ಣಕಾಲಿಕ’ ಎಂದು ಬರೆದೆ.

ಅಲ್ಲಿಂದ ಯೇವಲಾಕ್ಕೆ ಹೋದೆ. ಪೈಠಣಿ ಸೀರೆ ನೇಯುವ ಏಕನಾಥರ ಮನೆಯಲ್ಲಿ ಮಗ್ಗ ಸುಮ್ಮನೆ ನಿಂತಿತ್ತು. ಅವರು ಅದರ ಹಿಂದೆ ಚಕ್ಕಳಮಕ್ಕಳ ಹಾಕಿ ಕೂತು, ಪಕ್ಕದಲ್ಲೊಂದು ಬೂದಿಯ ಬಟ್ಟಲಿಟ್ಟುಕೊಂಡು, ಅರೆಗಣ್ಣಿನಲ್ಲಿ ಸುಮ್ಮನೆ ಬೆರಳು ಹೊಸೆಯುತ್ತಿದ್ದಂತೆ ಕಂಡರು. ಅಂಗೈ ನೋಡಿದೆ: ಹಸುಗೂಸಿನದು. ನೀರು ತಂದ ಅವರ ಹೆಂಡತಿ ಸೀತಾಬಾಯಿ ಸಾಕ್ಷಿಯನ್ನೂ ನುಡಿದರು. ಆ ಸೀಮೆಯ ಮರಾಠಿ ನನ್ನ ಕಿವಿಯೊಳಗೆ ಧಾರವಾಡದ ಕನ್ನಡವಾಗಿಯೇ ಇಳಿಯುತ್ತಿತ್ತು: “ಒಂದು ಕೊಡಾ ನೀರು ಎತ್ತೋ ಪೈಕಿ ಅಲ್ಲ ಸಾಹೇಬ, ನಮ್ಮ ಮಹಾರಾಜರು.”

ನಾನು ‘ಅರೆಕಾಲಿಕ’ ಎಂದು ಬರೆದೆ. ಆ ಊರಲ್ಲಿ ನೇಕಾರರಿಗಾಗಿ ಹೊಸ ಶೆಡ್ಡು ಏಳುತ್ತಿತ್ತು. ಅಲ್ಲಿ ಜಾಗ ಸಿಗುವುದು ಪೂರ್ಣಕಾಲಿಕರಿಗೆ ಮಾತ್ರ, ಮತ್ತು ಏಕನಾಥರ ಮಗ್ಗ ನಿಂತಿದ್ದ ಕೋಣೆಯ ಸೂರು ಸೋರುತ್ತಿತ್ತು. ಎರಡೂ ಗೊತ್ತಿದ್ದೇ ಬರೆದೆ. ನಿಷ್ಠುರನಾದೆನೆಂದು ಒಳಗೊಳಗೆ ಹೆಮ್ಮೆಯೂ ಆಯಿತು.

ಮರುದಿನ ಸಂಭಾಜಿನಗರದ ಬಸ್ಸು ಹತ್ತಿ (ಬಸ್ಸಿನ ಹಲಗೆಯ ಮೇಲೆ ಆಗಿನ್ನೂ ಅದು ಔರಂಗಾಬಾದೇ) ವಾಳೂಜಿನ ಕಾರ್ಖಾನೆಗಳ ಸಾಲಿಗೆ ಹೋದೆ. ಇಲ್ಲಿ ಸೈರನ್ನಿನ ಭೋಂಗಾ ಕೂಗಿದಾಗ ಕೆಲಸ ಶುರು, ಕೂಗಿದಾಗ ಮುಕ್ತಾಯ, ನನ್ನಂಥವನಿಗೆ ಸ್ವರ್ಗ. ಪಾಳಿ ಮುಗಿಸಿ ಗೇಟಿನಿಂದ ಹೊರಬಂದ ಗುತ್ತಿಗೆ ಕೆಲಸಗಾರನೊಬ್ಬನ ಅಂಗೈ ನೋಡಿ ಮೆಚ್ಚಿ ತಲೆದೂಗಿದೆ. ಇಬ್ಬರು ಮಕ್ಕಳ ತಂದೆಯಾದ ಆತ ಕೈ ಹಿಂದೆಳೆದುಕೊಂಡ.

“ಇದನ್ನ ನೋಡಿ ಖುಷಿಯಾಗಬ್ಯಾಡ್ರಿ ಸಾಹೇಬ. ನಾನು ಯೇವಲಾದಾಂವ, ಮಗ್ಗದ ಮನಿಯಾಂವ. ಆರು ತಿಂಗಳ ಇದ್ದು ಹೋಗೂಣು ಅಂತ ಬಂದೆ. ಈಗ ಈ ಕೈ ತಾಗಿದ್ರ ರೇಶ್ಮಿ ಎಳಿ ಹರೀತದ. ನಮ್ಮಪ್ಪ ಮಗ್ಗದ ಹತ್ರ ಬಿಡವಲ್ಲ. ಅದಕ್ಕ ನೋಡ್ರಿ, ನೇಯೋರು ಭಾರ ಎತ್ತೂದಿಲ್ಲ.”

ಏಕನಾಥರ ನಿಂತ ಮಗ್ಗ, ಬೂದಿಯ ಬಟ್ಟಲು, ಅರೆಗಣ್ಣು, ಎಲ್ಲವನ್ನೂ ವರ್ಣಿಸಿ ಅದರ ಅರ್ಥ ಕೇಳಿದೆ.

“ಮಗ್ಗದ ಉದ್ದನ ಎಳಿಗೆ ಹಾಸು ಅಂತೀವ್ರಿ. ಹಳೇ ಹಾಸಿನ ತುದಿಗೆ ಹೊಸಾ ಹಾಸು ಕೂಡಸಾಕತ್ತಾರ. ಸಾವಿರಾರು ಎಳಿ, ಒಂದೊಂದನ್ನೂ, ಜಾರಬಾರದಂತ, ಬೂದಿಬೆರಳಿಲೆ ಹೊಸೀಬೇಕು. ಅಷ್ಟೂ ದಿನ ಮಗ್ಗ ಸಪ್ಪಳ ಮಾಡೂದಿಲ್ಲ, ಮನಶ್ಯಾ ಮ್ಯಾಲೇಳೂದಿಲ್ಲ.”

ಫಾರ್ಮುಗಳ ಕಟ್ಟು ಇನ್ನೂ ನನ್ನ ಚೀಲದಲ್ಲೇ ಇತ್ತು. ಶನಿವಾರ ಅಂಚೆಗೆ ಬೀಳಬೇಕು. ಬಸ್ಸು ಕೆಟ್ಟರೆ, ಚೀಲ ಕಳೆದರೆ, ನಾನೇ ಸತ್ತರೆ ಎಂದು ದಾರಿಯುದ್ದಕ್ಕೂ ಕ್ರಮವಾಗಿ ಚಿಂತಿಸುತ್ತ ಶುಕ್ರವಾರ ಯೇವಲಾದಲ್ಲಿ ಇಳಿದೆ. ಏಕನಾಥರು ಅಲ್ಲೇ, ಹಾಗೇ ಕೂತಿದ್ದರು; ಹಾಸಿನ ಅರ್ಧ ದಾಟಿದ್ದರು. ತಪ್ಪೊಪ್ಪಿಕೊಂಡೆ.

ಸೀತಾಬಾಯಿ ಸೊಂಟದ ಮೇಲೆ ಕೈಯಿಟ್ಟರು. “ಗಂಡನ್ನ ಬೈದದ್ದನ್ನ ಸರಕಾರ ನಂಬತದ ಅಂತ ಮೊದಲ ಹೇಳಬಾರದಾ? ಇನ್ನೂ ಭಾಳ ಇತ್ತು.”

ಏಕನಾಥರು ತಲೆಯೆತ್ತಲಿಲ್ಲ. “ತಿದ್ದೂಕಿಂತ ಮೊದಲ ಒಂದು ಎಳಿ ಕೂಡಸ್ರಿ ಸಾಹೇಬ.”

ಬೂದಿ ಹಚ್ಚಿಕೊಂಡು ಕೂತೆ. ಎರಡು ತುದಿಗಳನ್ನು ಹುಡುಕುವುದರಲ್ಲೇ ಬೆವರಿದೆ. ಹೊಸೆಯಲು ಹೋದಾಗ ಎಳೆ ನನ್ನ ನಡುಬೆರಳಿನ ಗಂಟಿಗೆ, ಆ ಪದಕಕ್ಕೇ, ತಗುಲಿ ಪಟ್ಟನೆ ಹರಿಯಿತು. ಏಕನಾಥರು ಆ ಬೆರಳನ್ನು ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು.

“ಭಾಳ ದುಡದೀರಿ,” ಎಂದರು. ಆ ಮಾತಿಗಾಗಿ ಇಪ್ಪತ್ತು ವರ್ಷ ಕಾದಿದ್ದವನಿಗೆ ತಲೆ ತಗ್ಗಿಸುವುದೊಂದೇ ಉಳಿಯಿತು. ‘ಅರೆಕಾಲಿಕ’ವನ್ನು ಹೊಡೆದುಹಾಕಿ ‘ಪೂರ್ಣಕಾಲಿಕ’ ಎಂದು ಬರೆದು ಸಹಿ ಮಾಡಿದೆ. ಪಕ್ಕದಲ್ಲಿ ನನ್ನ ಬೂದಿಯ ಹೆಬ್ಬೆಟ್ಟೂ ಮೂಡಿತು.

ಏಕನಾಥರ ಹೆಸರು ಶೆಡ್ಡಿನ ಪಟ್ಟಿಗೆ ಸೇರಿತು. ಮಳೆಗಾಲಕ್ಕೆ ಮುಂಚೆ ಅವರ ಮಗ್ಗ ಹೊಸ ಶೆಡ್ಡಿಗೆ ಹೋಯಿತು. ಮೇಲಿನ ಕಚೇರಿಯಿಂದ ನನಗೆ ಬಂದದ್ದು ಆ ಕಲೆ ಏನೆಂದು ವಿವರಣೆ ಕೇಳುವ ಪತ್ರ. ಎರಡು ಪುಟ ಬರೆದೆ. ಶೆಟ್ಟರು ಕಡೆಗೆ ಯಾವ ಸೀಮೆಯವರು ಗೆದ್ದರೆಂದು ಕೇಳಿದಾಗ, ನಾನಿಷ್ಟು ದಿನ ಅಳೆದದ್ದು ಬರೀ ಸದ್ದು ಮತ್ತು ಒರಟುತನವನ್ನು, ಇನ್ನು ಮೊದಲಿಂದ ನೋಡಬೇಕು ಎಂದೆ. “ನೋಡಿ ನೋಡಿ, ಕೂತು ನೋಡಿ,” ಎಂದು ಅವರು ದೋಸೆ ಕಳಿಸಿದರು.

ಈಗಲೂ ಸ್ನಾನದ ಹೊತ್ತಿಗೆ ಆ ಗಂಟನ್ನು ಕಲ್ಲಿನಿಂದ ಉಜ್ಜುತ್ತೇನೆ, ಓದುಗ ಮಿತ್ರರೇ. ಒಂದೆರಡು ದಿನ ಬೆರಳು ನುಣುಪಾಗಿ, ಇನ್ನೇನು ಒಂದು ಎಳೆ ಕೂಡಿಸಬಹುದೇನೋ ಎನಿಸುತ್ತದೆ. ಆಮೇಲೆ ಏನನ್ನೋ ಬರೆಯಲು ಕೂರುತ್ತೇನೆ. ಈಗ ಇದನ್ನು ಬರೆಯುತ್ತಿರುವಾಗಲೂ ಅದು ಪೆನ್ನಿನ ಪಕ್ಕದಲ್ಲಿ ಮೆಲ್ಲಗೆ ಏಳುತ್ತಿದೆ.