ಮೂರನೇ ನಿಮಿಷದ ಕೀರಲು ದನಿ

ಯಾರೂ ಕೇಳದ ಸಂಗೀತದ ಬಗ್ಗೆ ಯಾರೂ ಓದದ ವಿಮರ್ಶೆ ಬರೆಯುವುದು ನನ್ನ ಕೆಲಸ. ಅವತ್ತು ನರಗುಂದದಿಂದ ರೋಣಕ್ಕೆ ಹೊರಟ ಬಸ್ಸಿನಲ್ಲಿ ಗಜೇಂದ್ರಗಡದ ಗೆಳೆಯನೊಬ್ಬನ ಹೊಸ ಆಲ್ಬಮ್ ಕೇಳುತ್ತಿದ್ದೆ. ಹಾಡಿಲ್ಲ, ವಾದ್ಯವಿಲ್ಲ, ಅವನ ಮನೆ ಪಕ್ಕದ, ಹತ್ತಿಯಿಂದ ಬೀಜ ಬಿಡಿಸುವ ಜಿನ್ನಿಂಗ್ ಮಿಲ್ಲಿನ ಸದ್ದು, ಬರೋಬ್ಬರಿ ಇಪ್ಪತ್ತು ನಿಮಿಷ. ಮೂರನೇ ನಿಮಿಷಕ್ಕೆ ಬರುವ ಕೀರಲು ದನಿಯನ್ನು ‘ಯಂತ್ರದ ಆತ್ಮಾಲಾಪ’ ಎಂದು ಬರೆದು ಬೀಗುತ್ತಿದ್ದೆ.

ಪಕ್ಕದಲ್ಲಿ ಕೂತಿದ್ದ ಹಿರಿಯರು, “ಏನ್ ಕೇಳಾಕತ್ತೀರಿ?” ಎಂದರು. ನಕ್ಕುಬಿಡಲಿ ಎಂದು ಒಂದು ಇಯರ್‌ಫೋನ್ ಕೊಟ್ಟೆ. ಅವರು ನಗಲಿಲ್ಲ. ಆ ಕೀರಲು ದನಿ ಬಂದದ್ದೇ ನನ್ನ ಮೊಣಕೈ ಹಿಡಿದರು.

“ಈ ಮಶಿನ್ ಎಲ್ಲೈತ್ರಿ? ಬೇರಿಂಗ್ ಹೋಗೈತಿ. ಲಗೂ ಬಂದ್ ಮಾಡಸ್ರಿ!”

“ಇದು ಸಂಗೀತ ಐತ್ರಿ,” ಎಂದೆ.

“ಮೂವತ್ತು ವರ್ಷ ಜಿನ್ನಿನ್ಯಾಗ ಫಿಟರ್ ಇದ್ದಾಂವ ನಾ. ಕಾದ ಬೇರಿಂಗು, ಸುತ್ತ ಹತ್ತಿ, ಬೆಂಕಿ ಹತ್ತಾಕ ಎಷ್ಟೊತ್ತು? ಹೆಣ್ಮಕ್ಕಳು ಅಲ್ಲೇ ಕೆಲಸ ಮಾಡ್ತಿರತಾರ. ಫೋನ್ ಹಚ್ರಿ ಮೊದಲ!”

ಗೆಳೆಯ ಅದನ್ನು ರೆಕಾರ್ಡ್ ಮಾಡಿದ್ದು ಮೊನ್ನೆಯಷ್ಟೇ; ಮಶಿನ್ ಇನ್ನೂ ಓಡುತ್ತಿರಬಹುದು. ಮೂರು ಸಲ ಹಚ್ಚಿದರೂ ಎತ್ತಲಿಲ್ಲ. ನಾಲ್ಕನೇ ಸಲ ಎತ್ತಿದವನೇ, “ಹ್ಯಾಂಗ ಐತಿ ಆಲ್ಬಮ್ಮು?” ಎಂದ. “ಮಿಲ್ಲಿಗೆ ಓಡು, ಮಶಿನ್ ಬಂದ್ ಮಾಡಸು,” ಎಂದೆ. ಆಮೇಲೆ ಹದಿನೈದು ನಿಮಿಷ ಹಿರಿಯರೂ ನಾನೂ ನನ್ನ ಫೋನನ್ನೇ ನೋಡುತ್ತ ಕೂತೆವು.

ಕೊನೆಗೂ ಕರೆ ಬಂತು. ಮಶಿನ್ ನಿಲ್ಲಿಸಿದ್ದರು; ಬೇರಿಂಗ್ ಬಳಿಯ ಹತ್ತಿ ಆಗಲೇ ಕಂದಿ ಹೊಗೆಯಾಡುತ್ತಿತ್ತಂತೆ.

ಹಿರಿಯರು ಉಸಿರು ಬಿಟ್ಟು ಸೀಟಿಗೆ ಒರಗಿದರು. ನಾನು ವಿಮರ್ಶೆಯಿಂದ ಆ ‘ಆತ್ಮಾಲಾಪ’ವನ್ನು ಅಳಿಸುತ್ತಿದ್ದಾಗ ಇಯರ್‌ಫೋನನ್ನು ಮತ್ತೆ ಕಿವಿಗಿಟ್ಟುಕೊಂಡರು. ತುಸು ಹೊತ್ತು ಆಲಿಸಿ, ನನಗೆ ಬೇಸರವಾಗದ ಹಾಗೆ ಮೆಲ್ಲಗೆ ಕೇಳಿದರು:

“ಹಾಡು ಯಾವಾಗ ಚಾಲೂ ಆಕ್ಕೈತ್ರಿ?”